ತೀರಿಕೊಂಡವರ ಬಸ್ ಟಿಕೆಟ್

ನಗುವವರು ನಗಲಿ, ನಡೆದದ್ದನ್ನು ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಟೈಲರಮ್ಮನ ಗಂಡ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದು ತೀರಿಕೊಂಡರು. ಆ ಗದ್ದಲದಲ್ಲಿ ಅವರ ಫೋನ್ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಸಾವಿನ ಮನೆಯಲ್ಲಿ ಫೋನ್ ಹುಡುಕುವವರು ಯಾರು?

ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಬೆಳಿಗ್ಗೆ, ಹೊಲಿಗೆ ಮೆಷಿನ್ ಮೇಲಿದ್ದ ಅವಳ ಫೋನ್ ಟಿಣ್ ಎಂದಿತು. ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆ, ಮೆಸೇಜ್ ಇವಳಿಗೇ ಬರುತ್ತಿತ್ತು. ‘ಬಸ್ ಟಿಕೆಟ್ ಪಾವತಿಯಾಗಿದೆ.’ ಅವರು ಕೆಲಸಕ್ಕೆ ಹೋಗುತ್ತಿದ್ದ ಅದೇ ಬಸ್ಸು, ಅದೇ ಹೊತ್ತು. ಮರುದಿನವೂ ಬಂತು. ಆಮೇಲೆ ಮಾರ್ಕೆಟ್ಟಿನಿಂದ. ಆಮೇಲೆ ನಮ್ಮ ರಸ್ತೆ ತಿರುವಿನ ಔಷಧಿ ಅಂಗಡಿಯಿಂದ.

ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಸಂಜೆಯಾದರೆ ಬಾಗಿಲ ಚಿಲಕ ತೆಗೆದಿಟ್ಟು, ಊಟಕ್ಕೆ ಎರಡು ತಟ್ಟೆ ಹಾಕುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳ ನಾದಿನಿಯನ್ನು ಕರೆಸಿದೆ.

“ಏನತ್ತಿಗೆ, ಬಾಗಿಲು ಹೀಗೇ ಬಿಟ್ಟಿದ್ದೀರಲ್ಲ?”

“ಮೆಲ್ಲಗೆ ಮಾತಾಡೇ. ನಿಮ್ಮಣ್ಣ ಬರ್ತಿದ್ದಾರೆ. ನೋಡು, ನಿನ್ನೆ ತಿರುವಿನ ತನಕ ಬಂದಿದ್ರು.”

ಮೆಸೇಜ್ ಓದಿ ನಾದಿನಿ ಕೇಳಿದಳು: “ಅಣ್ಣನ ಫೋನಿಗೆ ಲಾಕ್ ಇತ್ತಾ?”

“ಕಿರಿಕಿರಿ ಅಂತ ತೆಗೆಸಿಬಿಟ್ಟಿದ್ರು.”

“ಅಯ್ಯೋ ದೇವ್ರೇ! ಎಷ್ಟೋ ದೇಶಗಳಲ್ಲಿ ಜನ ಈಗ ಪರ್ಸೇ ಇಟ್ಕೊಳ್ಳಲ್ಲ ಅತ್ತಿಗೆ. ಫೋನ್ ತಾಗಿಸಿದ್ರೆ ಸಾಕು, ಬಸ್ಸು, ಅಂಗಡಿ ಎಲ್ಲ ಆಯ್ತು. ಒಳ್ಳೇದೇ. ಆದ್ರೆ ಹಿಡಿದಿರೋರು ಯಾರು ಅಂತ ಮೆಷಿನ್ ಮುಖ ನೋಡುತ್ತಾ? ಲಾಕೇ ಅದಕ್ಕೆ ಕಾವಲು. ಅದೇ ಬಸ್ಸಿಗೆ ಬರೋ ಯಾರಿಗೋ ಫೋನ್ ಸಿಕ್ಕಿದೆ. ಈಗಲೇ ಬ್ಯಾಂಕಿಗೆ ಹೇಳಿ ಪಾವತಿ ನಿಲ್ಲಿಸೋಣ.”

“ಬೇಡ! ನಿಲ್ಲಿಸಿದ್ರೆ ಅವರು ಬರೋದೂ ನಿಂತುಹೋಗುತ್ತೆ ಕಣೇ.”

ಆಗಲೇ ಮತ್ತೆ ಟಿಣ್ ಎಂದಿತು. ಮೆಸೇಜಿನಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿಯ ಹೆಸರು! ಟೈಲರಮ್ಮ ಕಿಟಕಿಗೆ ಓಡಿದಳು, ನಾವೂ ಹಿಂದೆಯೇ ಹೋದೆವು. ಕೆಳಗೆ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಕೈಯಲ್ಲಿದ್ದದ್ದು ಅವಳೇ ಗಂಡನಿಗೆ ಹೊಲಿದುಕೊಟ್ಟ ನೀಲಿ ಚೀಲದಲ್ಲಿದ್ದ ಫೋನ್. ಇನ್ನೊಮ್ಮೆ ತಾಗಿಸಿದ, ಇಲ್ಲಿ ಟಿಣ್. ಸಿಗರೇಟು ಹೊತ್ತಿಸಿ ತಲೆಯೆತ್ತಿದ. ಯಾರೋ ಅಪರಿಚಿತ.

ಅವಳು ಬಹಳ ಹೊತ್ತು ಆ ಮುಖವನ್ನೇ ನೋಡಿದಳು. “ಅವರಲ್ಲ. ಬ್ಯಾಂಕಿಗೆ ಹೇಳು, ನಿಲ್ಲಿಸಲಿ.”

ನಾದಿನಿ ಸಹಾಯವಾಣಿಗೆ ಫೋನ್ ಮಾಡಿಕೊಟ್ಟಳು. ಟೈಲರಮ್ಮನೇ ಮಾತಾಡಿದಳು: “ನನ್ನ ಗಂಡ ತೀರಿಕೊಂಡಿದ್ದಾರೆ.” ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ನಾದಿನಿಯ ಹೆಗಲಿಗೆ ಒರಗಿ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಫೋನ್ ತಾಗಿಸಿ ದುಡ್ಡು ಕೊಡಲು ಹೆದರಬೇಡಿ. ಈಗ ಟೈಲರಮ್ಮನೂ ಹಾಗೇ ಕೊಡುತ್ತಾಳೆ. ಆದರೆ ಇವತ್ತೇ ಲಾಕ್ ಹಾಕಿ. ಫೋನ್ ಕಳೆದರೆ ಆ ಗಳಿಗೆಯಲ್ಲೇ ಬ್ಯಾಂಕಿಗೆ ತಿಳಿಸಿ. ಮನೆಯಲ್ಲಿ ಸಾವಾದಾಗ, ಹೋದವರ ಫೋನ್ ಎಲ್ಲಿದೆ ಎಂದು ಒಬ್ಬರಾದರೂ ನೋಡಿ. ಅಳಬೇಡಿ ಎನ್ನುವುದಿಲ್ಲ. ಬ್ಯಾಂಕಿಗೆ ಒಂದು ಮಾತು ಹೇಳಿ, ಆಮೇಲೆ ಮನಸಾರೆ ಅಳಿ.