ಮೂರನೆಯ ವಾಲ್ವ್

ಶಿಷ್ಯ ಕಲೀಮ ನೌಬಾದಿನಲ್ಲಿ ಬಾಡಿಗೆಯ ಖೋಲಿ ನೋಡಲು ಹೋದವನು ಇನ್ನೂ ಬಂದಿರಲಿಲ್ಲ. ಇದೇ ಸರಿಯಾದ ಹೊತ್ತೆಂದು ಶರಫೋದ್ದೀನ ಉಸ್ತಾದ ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಬಲ್ಬಿನಂತೆ ನಿಂತ ನಾಲ್ಕು ಗಾಜಿನ ವಾಲ್ವುಗಳಲ್ಲಿ ಮೂರನೆಯದನ್ನು ಮೆಲ್ಲಗೆ ಅಲ್ಲಾಡಿಸಿ ಹೊರಗೆಳೆದ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಹಳೆಯ ರೇಡಿಯೊ ಒಂದರಿಂದ ಕಲೀಮನೇ ಬಿಚ್ಚಿ ತಂದು, ಪರೀಕ್ಷೆ ಮಾಡಿ ಕೂಡಿಸಿದ್ದ. ಆದರೆ ಅದರ ಗಾಜಿನ ಮೇಲಿನ ಬರಹ ಅಳಿಸಿ ಬೋಳಾಗಿತ್ತು. ಉಳಿದ ಮೂರರ ಮೇಲೆ ಇಂಗ್ಲೆಂಡಿನ ಕಂಪನಿಯ ಬಂಗಾರದ ಬಣ್ಣದ ಅಕ್ಷರಗಳಿರುವಾಗ, ನಡುವೆ ಈ ಬೋಳು ವಾಲ್ವ್ ನಾಳೆ ಭಾಲ್ಕಿಯಲ್ಲಿ ದೊಡ್ಡವರ ಕಣ್ಣಿಗೆ ಬೀಳುವುದು ಅವನಿಗೆ ಸೇರಲಿಲ್ಲ.

ಕಪಾಟಿನ ಮೇಲಿನ ಖಾನೆಯಲ್ಲಿ ಅಂಥದೇ ಬಂಗಾರದ ಅಕ್ಷರದ ವಾಲ್ವೊಂದಿತ್ತು. ಅವನ ಗುರು ಸಾಯುವ ಮೊದಲು ಕೈಗಿಟ್ಟು ಹೋದದ್ದು. ಹತ್ತಿಯಲ್ಲಿ ಸುತ್ತಿ ಮೂವತ್ತು ವರ್ಷ ಜೋಪಾನ ಮಾಡಿದ್ದ. ಅದನ್ನು ಕೂಡಿಸಿ, ಸ್ವಿಚ್ ಒತ್ತಿ, ವಾಲ್ವುಗಳು ಕೆಂಪಗೆ ಕಾಯುವವರೆಗೆ ಕೂತ. ಆಮೇಲೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೊಂದನ್ನೇ ತಟ್ಟಿದ. ಕೆಟ್ಟ ವಾಲ್ವನ್ನು ತಟ್ಟಿದರೆ ಸ್ಪೀಕರಿನಲ್ಲಿ ಟಿಣ್ ಎಂಬ ಸಣ್ಣ ಸದ್ದು ಬರುತ್ತದೆ; ಒಳ್ಳೆಯದು ಸುಮ್ಮನಿರುತ್ತದೆ. ಒಂದು, ಎರಡು, ಮೂರು, ನಾಲ್ಕು. ಸ್ಪೀಕರು ಸುಮ್ಮನಿತ್ತು. ಎದುರಿನ ಪಂಕ್ಚರ್ ಅಂಗಡಿಯ ಸರ್ದಾರ ಮಾತ್ರ ನಡುವೆ ಒಮ್ಮೆ ನೀರಿನ ಟಬ್ಬಿನಿಂದ ತಲೆ ಎತ್ತಿ ಇತ್ತ ನೋಡಿದ. ಮಂದಿಯ ಅಂಗಡಿಯೊಳಗೆ ಇಣುಕುವುದು ಅವನ ಚಟವೆಂದು ಶರಫೋದ್ದೀನ ಅತ್ತ ಲಕ್ಷ್ಯ ಕೊಡಲಿಲ್ಲ. ಅವನ ಕಣ್ಣು ರೂಢಿಯಂತೆ ಮೇಜಿನ ಎಡ ಅಂಚಿಗೆ ಹೋಯಿತು. ಅಲ್ಲಿ ಕಲೀಮನ ಅಂಗೈ ಇರಲಿಲ್ಲ.

ಆ ಅಂಗೈಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೀದರಿನ ಚೌಬಾರಾದ ಹತ್ತಿರ ನಲವತ್ತು ವರ್ಷದಿಂದ ರೇಡಿಯೊ, ಆಂಪ್ಲಿಫಾಯರ್ ರಿಪೇರಿ ಮಾಡುವ ಶರಫೋದ್ದೀನನಿಗೆ ಊರಲ್ಲಿ ‘ಕಿವಿ ಉಸ್ತಾದ’ ಎಂದೇ ಹೆಸರು. ಕೆಟ್ಟ ಸೆಟ್ಟಿನ ಮುಂದೆ ಕಣ್ಣು ಮುಚ್ಚಿ ಕೂತು, ಮೀಟರು ಮುಟ್ಟದೆ, ರೋಗ ಇಂಥಲ್ಲೇ ಇದೆ ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದ ಕಾಲವೊಂದಿತ್ತು. ಹೆಸರು ಉಳಿಯಿತು, ಕಿವಿ ಹೋಯಿತು. ದಪ್ಪ ದನಿಗಳು ಕೇಳುತ್ತಿದ್ದವು, ಎದುರು ನಿಂತವರ ಮಾತು ಕೇಳುತ್ತಿತ್ತು; ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಅವನನ್ನು ಬಿಟ್ಟುಹೋಗಿದ್ದವು. ಅವನನ್ನು ಕಾವಲಿಗೆ ಕೂಡಿಸಿ ಹೆಂಡತಿ ಬಿಸ್ಮಿಲ್ಲಾಬೀ ಪಕ್ಕದ ಮನೆಗೆ ಹೋದಾಗ ಕುಕ್ಕರಿನ ಸೀಟಿ ಕೇಳದೆ ಬೇಳೆಯೆಲ್ಲ ಹೊತ್ತಿತ್ತು. ಅವಳು ಬಾಯಿಗೆ ಬಂದಂತೆ ಬೈದಳು. ಈ ಮಹಾಶಯ ತಪ್ಪೊಪ್ಪಿಕೊಳ್ಳುವ ಬದಲು ಪೇಟೆಗೆ ಹೋಗಿ ಕುಕ್ಕರಿಗೆ ಹೊಸ ಸೀಟಿ ತಂದ.

ಇದನ್ನು ಹೇಳದೆಯೇ ತಿಳಿದುಕೊಂಡವನು ಕಲೀಮ. ಇಪ್ಪತ್ತೆರಡು ವರ್ಷದಿಂದ ಉಸ್ತಾದನ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಅವನಿಗೂ ಈಗ ನಲವತ್ತು ದಾಟಿತ್ತು. ಮೂರು ವರ್ಷದ ಹಿಂದೆ ಒಂದು ದಿನ, ಉಸ್ತಾದ ವಾಲ್ವ್ ತಟ್ಟುತ್ತಿರುವಾಗ ಸುಮ್ಮನೆ ಎದ್ದು ಬಂದು ಮೇಜಿನ ಎಡ ಅಂಚಿನ ಮೇಲೆ ಅಂಗೈ ಊರಿ ನಿಂತ. ವಾಲ್ವ್ ಒಳ್ಳೆಯದಿದ್ದರೆ ಅಂಗೈ ಹಾಗೇ ಇರುತ್ತಿತ್ತು. ಕೆಟ್ಟದಿದ್ದರೆ ತೋರುಬೆರಳು ಒಂದಿಷ್ಟು ಮೇಲೇಳುತ್ತಿತ್ತು. ಗಿರಾಕಿಗಳ ಎದುರಿಗೇ ಇದು ನಡೆದುಕೊಂಡು ಬಂದಿತ್ತು. ಇಬ್ಬರೂ ಈ ಬಗ್ಗೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. “ಉಸ್ತಾದರ ಕಿವಿ ಅಂದ್ರ ಕಿವಿ ನೋಡ್ರಿ” ಎಂದು ಗಿರಾಕಿಗೆ ಹೇಳುತ್ತಿದ್ದವನೂ ಕಲೀಮನೇ.

ಮೇಜಿನ ಮೇಲಿದ್ದ ಪೆಟ್ಟಿಗೆ ಭಾಲ್ಕಿಯ ಚಂದ್ರಕಾಂತ ಸರ್ ಅವರದು. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ ಪ್ರಮಿಲಾ ಅವರ ತವರುಮನೆ ಔರಾದಿನಲ್ಲಿ. ಆ ಮನೆಯ ಮಾಳಿಗೆಯ ಮೇಲೆ, ತೊಗರಿ ಚೀಲಗಳ ಹಿಂದೆ, ತಂದೆಯ ಕಾಲದ ಈ ಪ್ರಿಆಂಪ್ಲಿಫಾಯರ್ ಇಲಿಗಳ ಪಾಲಾಗಿ ಬಿದ್ದಿತ್ತು. ರೆಕಾರ್ಡಿನ ಮೇಲಿನ ಮುಳ್ಳು ಎತ್ತಿಕೊಟ್ಟ ಪಿಸುದನಿಯನ್ನು ಬೆಳೆಸಿ ದೊಡ್ಡ ಆಂಪ್ಲಿಫಾಯರಿಗೆ ದಾಟಿಸುವುದು ಇದರ ಕೆಲಸ. ಇಲ್ಲಿ ಕೆಟ್ಟದ್ದು ಮುಂದೆಲ್ಲೂ ಸುಧಾರಿಸುವುದಿಲ್ಲ. ಇಲಿ ಕಡಿದ ತಂತಿ, ಒಣಗಿದ ಕಂಡೆನ್ಸರು, ತುಕ್ಕು ಹಿಡಿದ ಗುಂಡಿ, ಎಲ್ಲ ಸರಿಪಡಿಸಲು ಐದು ತಿಂಗಳು ಹಿಡಿಯಿತು. ಖರೆ ಹೇಳಬೇಕೆಂದರೆ ಮುಕ್ಕಾಲು ಪಾಲು ಕಲೀಮನ ಕೈಕೆಲಸ.

ನಾಳೆ ಅದನ್ನು ಕೇಳಲು ನಜಮೋದ್ದೀನ ಸಾಹೇಬರು ಬರುವವರಿದ್ದರು. ಮೂಲ ಬೀದರಿನವರೇ, ಈಗ ಹೈದರಾಬಾದಿನಲ್ಲಿದ್ದಾರೆ. ಅವರ ಮತ್ತು ಅವರ ಗೆಳೆಯರ ಮನೆಗಳಲ್ಲಿ ಇಂಥ ಹಳೆ ಸೆಟ್ಟುಗಳು ರಾಶಿ ಇವೆ, ಇದು ಮನಸ್ಸಿಗೆ ಬಂದರೆ ಎಲ್ಲವನ್ನೂ ಬೀದರಿಗೇ ಕಳಿಸುತ್ತಾರೆ ಎಂದು ಚಂದ್ರಕಾಂತ ಸರ್ ಹೇಳಿದ್ದರು. ಆ ಮಾತು ಕೇಳಿದ ದಿನ ಕಲೀಮ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಉಸ್ತಾದನಲ್ಲಿ ಏನೋ ಕೇಳಿದ್ದ.

“ಉಸ್ತಾದ್, ಅಲ್ಲಿ ಒಂದ್ ಸಲ ನನ್ನ ಹೆಸರು ಹೇಳ್ರಿ. ನೌಬಾದಿನಾಗ ಅಂಗಡಿ ಹಾಕಬೇಕಂತ ಮಾಡೀನಿ. ಯಾರರ ನಾಲ್ಕು ಮಂದಿಗೆ ಗುರುತು ಇರಬೇಕಲ್ರಿ.”

“ಯಾಕ ಹೇಳಬಾರದು? ನಾಲ್ಕು ಮಂದಿ ಮುಂದ ಹೇಳ್ತೇನಿ” ಎಂದಿದ್ದ ಶರಫೋದ್ದೀನ. ಹೇಳುವಾಗ ಮನಸ್ಸಿನಲ್ಲೂ ಅದೇ ಇತ್ತು. ಆದರೆ ಖೋಲಿ ನೋಡಲು ಕಲೀಮ ನಿಜವಾಗಿಯೂ ಹೊರಟಾಗ ಯೋಚನೆ ಹತ್ತಿತ್ತು. ಇವನು ಹೋದರೆ ಮುಂದೆ ಹೇಗೆ? ಹೇಗೂ ಆಗುತ್ತದೆ, ತನಗೆ ಯಾರ ಅಂಗೈಯೂ ಬೇಕಿಲ್ಲ ಎಂದು ತೋರಿಸಿಕೊಳ್ಳುವ ಹಟಕ್ಕೇ ಈ ಮಧ್ಯಾಹ್ನ ಒಬ್ಬನೇ ಕೂತು ವಾಲ್ವ್ ಬದಲಿಸಿದ್ದ.

ಕಲೀಮ ಬಂದವನೇ, “ಖೋಲಿ ಚೊಲೊ ಅದರಿ ಉಸ್ತಾದ್, ರಸ್ತಾಕ್ಕೇ ಅದ” ಎಂದ. ಮೇಜಿನತ್ತ ನೋಡಿ, “ಕಟ್ಟೂ ಮೊದಲ ಇನ್ನೊಮ್ಮೆ ತಟ್ಟಿ ನೋಡೂನ್ರಿ?” ಎಂದ.

“ನಾ ನೋಡೀನಿ. ಎಲ್ಲಾ ಚೊಲೊ ಅವ” ಎಂದು ಶರಫೋದ್ದೀನ ಮುಚ್ಚಳದ ಕೊನೆಯ ಸ್ಕ್ರೂ ಬಿಗಿದ.

ಮರುದಿನ ರವಿವಾರ. ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಕಲೀಮ ಭಾಲ್ಕಿಯ ತನಕ ತೊಡೆಯ ಮೇಲಿಟ್ಟುಕೊಂಡೇ ಕೂತ. ಚಂದ್ರಕಾಂತ ಸರ್ ಅವರ ಪಡಸಾಲೆಯಲ್ಲಿ ಕುರ್ಚಿಗಳು ಸ್ಪೀಕರುಗಳಿಗೆ ಎದುರಾಗಿ ಸಾಲಾಗಿದ್ದವು. ನಜಮೋದ್ದೀನ ಸಾಹೇಬರು ಪೆಟ್ಟಿಗೆಯ ಹಿಂದಿನ ಜಾಲರಿಯೊಳಗೆ ಇಣುಕಿ, “ವಾಹ್, ನಾಲ್ಕೂ ಅಸಲಿ!” ಎಂದರು. ಶರಫೋದ್ದೀನನ ಎದೆ ಉಬ್ಬಿತು. ನಾಲ್ಕೂ ಎಂದದ್ದಕ್ಕೆ ಕಲೀಮನ ಹುಬ್ಬು ಗಂಟಾದದ್ದನ್ನು ಅವನು ನೋಡಿದ, ನೋಡದವನಂತೆ ಕೂತ.

ಪ್ರಮಿಲಾ ತಂದೆಯ ರೆಕಾರ್ಡೊಂದನ್ನು ಸೆರಗಿನಿಂದ ಒರೆಸಿ ಕೊಟ್ಟರು. ಠುಮ್ರಿ. ಶರಫೋದ್ದೀನ ಕಣ್ಣು ಮುಚ್ಚಿದ. ದನಿ ತುಂಬಿ ಬಂತು. ಹಾಡುವವಳು ಇದೇ ಪಡಸಾಲೆಯಲ್ಲಿ ಕೂತಿದ್ದಾಳೇನೋ ಎನ್ನುವಷ್ಟು ಹತ್ತಿರ. ಈ ವಯಸ್ಸಿನಲ್ಲೂ ತನ್ನ ಕೈಯಿಂದ ಇಂಥದೊಂದು ಆಯಿತಲ್ಲ ಎಂದು ಅವನು ತಲೆದೂಗಿದ.

“ಅದೇನದು, ನಡುನಡುವ ಟಿಣ್ ಅಂತದಲ್ಲ?” ಎಂದರು ಪ್ರಮಿಲಾ. “ಬಟ್ಟಲಕ ಚಮಚಾ ಬಡದಂಗ. ಅಪ್ಪನ ರೆಕಾರ್ಡಿನಾಗ ಅದು ಇದ್ದಿಲ್ಲ.”

“ರೆಕಾರ್ಡ್ ಹಳೇದಲ್ರಿ. ಮುಳ್ಳು ಜಿಗೀತದ” ಎಂದ ಶರಫೋದ್ದೀನ.

“ಮುಳ್ಳಲ್ಲ ಉಸ್ತಾದ್” ಎಂದು ನಜಮೋದ್ದೀನ ಸಾಹೇಬರು ತಲೆ ಅಲ್ಲಾಡಿಸಿದರು. “ನಿಮಗ ಕೇಳಸ್ಲಿಲ್ಲೇನು?”

ಅಷ್ಟರಲ್ಲಿ ಕಲೀಮ ಎದ್ದು ರೆಕಾರ್ಡ್ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಪೆನ್ಸಿಲ್ ತೆಗೆದಿದ್ದ. ಒಂದು ತಟ್ಟಿದ. ಎರಡು ತಟ್ಟಿದ. ಮೂರನೆಯದನ್ನು ತಟ್ಟಿದಾಗ ಚಂದ್ರಕಾಂತ ಸರ್, ಪ್ರಮಿಲಾ, ನಜಮೋದ್ದೀನ ಸಾಹೇಬರು, ಮೂವರ ಮುಖವೂ ಒಟ್ಟಿಗೇ ಕಿವುಚಿಕೊಂಡಿತು. ಸ್ಪೀಕರು ಹೇಳಿದ್ದನ್ನು ಶರಫೋದ್ದೀನ ಆ ಮುಖಗಳ ಮೇಲೆ ಓದಿಕೊಂಡ.

ಕಲೀಮ ಬಿಸಿ ವಾಲ್ವನ್ನು ಕರವಸ್ತ್ರದಲ್ಲಿ ಹಿಡಿದು ಹೊರಗೆಳೆದ. ಬೆಳಕಿಗೆ ಹಿಡಿದು ಬಂಗಾರದ ಅಕ್ಷರ ನೋಡಿದ. ತಾನು ಕೂಡಿಸಿದ್ದು ಇದಲ್ಲ. ಮೆಲ್ಲಗೆ ತಿರುಗಿ ಉಸ್ತಾದನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಉಸ್ತಾದ ಈಗ ಒಂದು ಮಾತು ಹೇಳುತ್ತಾನೆ, ಅಲ್ಲಿಗೆ ಮುಗಿಯುತ್ತದೆ ಎಂದು ಕಾಯುತ್ತಿದ್ದ, ಅಷ್ಟೇ.

“ಇದನ್ನ ತಟ್ಟಿ ನೋಡದೇ ಹಚ್ಚೀರೇನು?” ಚಂದ್ರಕಾಂತ ಸರ್ ಕೇಳಿದರು. “ಯಾರು ಹಚ್ಚಿದ್ರಿ ಇದು?”

ನಾನು ಎನ್ನಬೇಕಿತ್ತು. ನಾನು ಎಂದರೆ ಅದರ ಬೆನ್ನಿಗೇ ಕಿವಿಯ ಮಾತು ಬರುತ್ತದೆ. ನಲವತ್ತು ವರ್ಷದ ಹೆಸರು ಈ ಪಡಸಾಲೆಯಲ್ಲಿ, ಚಹಾ ತಣ್ಣಗಾಗುವುದರೊಳಗೆ ಬಿದ್ದುಹೋಗುತ್ತದೆ. ಶರಫೋದ್ದೀನನ ಬಾಯಿ ತಾನಾಗಿಯೇ ತೆರೆಯಿತು.

“ಕಲೀಮ ಹಚ್ಚ್ಯಾನ್ರಿ. ನಾ ಅಂಗಡ್ಯಾಗ ಇದ್ದಿಲ್ಲ. ಇತ್ತೀಚಿಗೆ ಅವನ ಲಕ್ಷ್ಯ ಕೆಲಸದ ಮ್ಯಾಲ ಇಲ್ರಿ, ನೌಬಾದಿನ ಖೋಲಿ ಮ್ಯಾಲ ಅದ.”

ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾಲ್ಕು ಮಂದಿಯ ಮುಂದೆ ಕಲೀಮನ ಹೆಸರು ಹೇಳಿದ.

ಕಲೀಮ ಕರವಸ್ತ್ರವನ್ನು ವಾಲ್ವಿನ ಸುತ್ತ ನಿಧಾನವಾಗಿ ಮಡಚಿದ. “ಹೌದ್ರಿ ಸರ್” ಎಂದ. “ಚೂಕ್ ನಂದೇ. ಬ್ಯಾಗಿನಾಗ ಇನ್ನೊಂದು ಅದ, ಹಚ್ಚಿ ಕೊಡ್ತೇನಿ.”

ಹಚ್ಚಿ ಕೊಟ್ಟ. ಠುಮ್ರಿ ಮತ್ತೆ ಮೊದಲಿನಿಂದ ಹಾಡಿತು. ಪ್ರಮಿಲಾ ಈ ಸಲ ಕಣ್ಣೊರೆಸಿಕೊಂಡರು. ಶರಫೋದ್ದೀನನಿಗೆ ಮಾತ್ರ ಮೊದಲಿನದಕ್ಕೂ ಇದಕ್ಕೂ ಒಂದು ಕೂದಲೆಳೆಯ ಫರಕೂ ಕೇಳಿಸಲಿಲ್ಲ.

ಹೊರಡುವಾಗ ನಜಮೋದ್ದೀನ ಸಾಹೇಬರು ಉಸ್ತಾದನ ಎರಡೂ ಕೈ ಹಿಡಿದುಕೊಂಡರು. “ಇವರ ತಪ್ಪು ಮುಚ್ಚಲಿಕ್ಕ ನೀವು ಮುಳ್ಳು ಅಂದ್ರಿ, ತಿಳೀತು. ನಮ್ಮ ಸೆಟ್ ಎಲ್ಲಾ ನಿಮ್ಮ ಕಡೀಗೇ ಕಳಸ್ತೇನಿ. ಆದ್ರ ಒಂದು ಮಾತು. ನೀವೇ ನೋಡಬೇಕು, ನಿಮ್ಮ ಕಿವೀನೇ ಬೇಕು. ಇವರ ಕೈ ಹತ್ತಬಾರದು.” ಕಲೀಮ ಎರಡು ಮಾರು ದೂರದಲ್ಲಿ ಬಗ್ಗಿ ಬ್ಯಾಗಿನ ಬಾಯಿ ಕಟ್ಟುತ್ತಿದ್ದ.

“ಆಗಲ್ರಿ, ನಾನೇ ನೋಡ್ತೇನಿ” ಎಂದ ಶರಫೋದ್ದೀನ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯ ಅಡಿಗೆ ಹಗುರಾದಂಥ ಒಂದು ಖುಷಿಯೂ ಇತ್ತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ವಾಪಸಾಗುವಾಗ ಬಸ್ಸು ಹಲಬರ್ಗಾ ದಾಟಿತು. ಕಡೆಗೆ ಶರಫೋದ್ದೀನನೇ ಅಂದ, “ಬೇಜಾರ್ ಮಾಡ್ಕೋಬ್ಯಾಡ ಕಲೀಮ. ಆಮ್ಯಾಲ ಫೋನಿನಾಗ ಅವರಿಗೆ ತಿಳಿಸಿ ಹೇಳ್ತೇನಿ.”

ಕಲೀಮ ಕಿಟಕಿಯ ಹೊರಗೆ ನೋಡುತ್ತಲೇ ಏನೋ ಹೇಳಿದ. ಬಸ್ಸಿನ ಸದ್ದಿನಲ್ಲಿ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ.

“ಆಂ?”

ಈ ಮೂರು ವರ್ಷ ಉಸ್ತಾದ ಆಂ ಎಂದಾಗಲೆಲ್ಲ ಕಲೀಮ ಬೇಸರಿಸದೆ ಎರಡನೆಯ ಸಲ, ಒಂದಿಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಇಂದು ಹೇಳಲಿಲ್ಲ. ನೌಬಾದ ಬಂದಾಗ ಎದ್ದು, ಕರವಸ್ತ್ರ ಬಿಚ್ಚಿ ವಾಲ್ವನ್ನು ಉಸ್ತಾದನ ಅಂಗೈಯಲ್ಲಿಟ್ಟು, “ಇದು ನಿಮ್ಮದು” ಎಂದು ಗಟ್ಟಿಯಾಗಿ ಹೇಳಿ ಇಳಿದುಹೋದ.

ಸೋಮವಾರ ಅವನು ಬರಲಿಲ್ಲ. ಅಂಗಡಿಯ ಎರಡನೆಯ ಕೀಲಿಯನ್ನು ಸರ್ದಾರ ತಂದು ಕೊಟ್ಟ. “ಮುಂಜಾನೆ ಕಲೀಮಭಾಯಿ ಕೊಟ್ಟು ಹೋದ್ರು. ಏನಾತ್ರಿ?”

“ಏನಿಲ್ಲ. ಸ್ವಂತ ಅಂಗಡಿ ಹಾಕ್ತಾನಂತ” ಎಂದ ಶರಫೋದ್ದೀನ. ಫೋನು ಜೇಬಿನಲ್ಲೇ ಇತ್ತು. ಹೈದರಾಬಾದಿಗೆ ಮಾಡಲಿಲ್ಲ, ನೌಬಾದಿಗೂ ಮಾಡಲಿಲ್ಲ.

ಎರಡನೆಯ ವಾರ ನಜಮೋದ್ದೀನ ಸಾಹೇಬರ ಮೊದಲ ಸೆಟ್ ಬಂತು. ಭಾಲ್ಕಿಯದರ ಜೋಡಿಯಂಥದೇ, ನಾಲ್ಕು ವಾಲ್ವಿನದು. ಶರಫೋದ್ದೀನ ಅದಕ್ಕೆ ಎಂಟು ದಿನ ಒಬ್ಬನೇ ದುಡಿದ. ಸೋಲ್ಡರ್ ಮಾಡುವ ಕೈ ಇನ್ನೂ ನಡುಗುತ್ತಿರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಸ್ಪೀಕರು ಜೋಡಿಸಿ, ವಾಲ್ವುಗಳು ಕಾದ ಮೇಲೆ, ಪೆನ್ಸಿಲ್ ತೆಗೆದುಕೊಂಡ. ಒಂದು ತಟ್ಟಿದ. ಎಡ ಅಂಚಿನಲ್ಲಿ ಅಂಗೈ ಊರಿ ಊರಿ ಬಣ್ಣ ಸವೆದ ಜಾಗ ಕಾಣುತ್ತಿತ್ತು. ಎರಡು ತಟ್ಟಿದ. ಮೂರು ತಟ್ಟಿದ.

ಎದುರಿಗೆ ಸರ್ದಾರ ನೀರಿನ ಟಬ್ಬಿನಿಂದ ತಲೆ ಎತ್ತಿ ಇತ್ತ ನೋಡಿದ.

ಶರಫೋದ್ದೀನನ ಕೈ ನಿಂತಿತು. ಸರ್ದಾರ ಮತ್ತೆ ಟ್ಯೂಬಿನತ್ತ ಬಗ್ಗುವವರೆಗೆ ಕಾದ. ನಾಲ್ಕನೆಯದನ್ನು ತಟ್ಟಿದ. ಸರ್ದಾರ ತಲೆ ಎತ್ತಲಿಲ್ಲ. ಮತ್ತೆ ಮೂರನೆಯದನ್ನು ತಟ್ಟಿದ. ಸರ್ದಾರ ತಲೆ ಎತ್ತಿದ.

ಕಪಾಟಿನಲ್ಲಿ ಬೇರೆ ವಾಲ್ವುಗಳಿದ್ದವು. ಅವುಗಳಲ್ಲಿ ಒಳ್ಳೆಯದು ಯಾವುದೆಂದು ಹೇಳಲು ಇನ್ನೊಬ್ಬರ ಕಿವಿ ಬೇಕಿತ್ತು. ಸರ್ದಾರನನ್ನು ಕೂಗಿ, ಇಲ್ಲಿ ಬಾರಪ್ಪ, ಒಂದಿಷ್ಟು ಕೇಳಿ ಹೇಳು ಎಂದಿದ್ದರೆ ಸಾಕಿತ್ತು.

ಶರಫೋದ್ದೀನ ಎದ್ದು ಹೋಗಿ, ಸರ್ದಾರ ಕಣ್ಣಿಗೆ ಬೀಳದಂತೆ, ಶಟರನ್ನು ನೆಲಕ್ಕೆ ಮೊಳಕಾಲುದ್ದ ಉಳಿಯುವಷ್ಟು ಕೆಳಗೆ ಎಳೆದ. ಲೈಟ್ ಹಾಕಿ ಬಂದು ಕೂತು, ಮತ್ತೆ ಒಂದರಿಂದ ಶುರು ಮಾಡಿ ಸಾವಕಾಶವಾಗಿ ತಟ್ಟಿದ. ನಾಲ್ಕೂ ಚೊಲೊ ಇದ್ದವು.