ಬಾಣಂತಿಯನ್ನು ಹಿಡಿದು ತಂದ ದೊಡ್ಡಮ್ಮ

ನನ್ನ ದೊಡ್ಡಮ್ಮ ಯಾರ ಕಣ್ಣನ್ನೂ ನೇರವಾಗಿ ನೋಡುವುದಿಲ್ಲ. ಮಾತಾಡುವಾಗ ಅವರ ನೋಟ ಎದುರಿನವರ ಭುಜದ ಮೇಲೋ ಹಿಂದಿನ ಗೋಡೆಯ ಮೇಲೋ ಕೂತಿರುತ್ತದೆ. ನಡುನಡುವೆ ರೆಪ್ಪೆಗಳು ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯುತ್ತವೆ. ಬಂಧುಗಳಲ್ಲಿ ಕೆಲವರು ಇದನ್ನು ಗರ್ವವೆಂದರು, ಕೆಲವರು ಸಂಕೋಚವೆಂದರು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ನಿಂತು, ಅಪರಿಚಿತರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸುವ ಹೆಂಗಸಿಗೆ ಸಂಜೆಯಾಗುವಾಗ ಕಣ್ಣುಗಳೆಂದರೇ ಸಾಕಾಗಿರಬಹುದು ಎಂದು ನಾನು ಅಂದುಕೊಂಡಿದ್ದೆ. ಕಾಲೇಜು ಓದಲೆಂದು ಅವರ ಮನೆ ಸೇರಿದ ಮೇಲೆ ನಿಜ ತಿಳಿಯಿತು: ಅದು ಬೀದಿಬೆಕ್ಕುಗಳಿಂದ ಬಂದ ನಡತೆ. ದಿಟ್ಟಿಸಿ ನೋಡುವವರನ್ನು ಬೆಕ್ಕು ಶತ್ರುವೆಂದೇ ಎಣಿಸುತ್ತದೆ.

ಶುರುವಾದದ್ದು ಒಂದೇ ಬೆಕ್ಕಿನಿಂದ. ಅಂಗಡಿಯ ಹಿಂದಿನ ಓಣಿಯಲ್ಲಿ ಹಿಂಗಾಲೆಳೆದುಕೊಂಡು ತಿರುಗುತ್ತಿದ್ದ ಬೂದುಬೆಕ್ಕನ್ನು, ತೀರಿಹೋದ ದೊಡ್ಡಪ್ಪನ ಕಂದು ಕೋಟಿನಲ್ಲಿ ಸುತ್ತಿ ಮನೆಗೆ ತಂದರು. ಅದು ಕೋಟಿನ ಅಸ್ತರನ್ನೂ ಇವರ ಮಣಿಕಟ್ಟನ್ನೂ ಭೇದವೆಣಿಸದೆ ಹರಿದುಹಾಕಿತು. ಕಾಲು ವಾಸಿಯಾಗುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಮತ್ತೆರಡು ಬಂದು ಕೂತಿದ್ದವು. ಮನುಷ್ಯರಿಗೆ ಒಗ್ಗಿದವಕ್ಕೆ ಮನೆ ಹುಡುಕುವುದು. ಒಗ್ಗದವನ್ನು ಬೋನಿನಲ್ಲಿ ಹಿಡಿದು, ಡಾಕ್ಟರ ಹತ್ತಿರ ಸಂತಾನಹರಣ ಚಿಕಿತ್ಸೆ ಮಾಡಿಸಿ, ಗಾಯ ಮಾಗಿದ ಮೇಲೆ ಅವುಗಳ ಓಣಿಗೇ ಬಿಟ್ಟುಬರುವುದು. ಆ ಕೋಟು ಈಗ ಅವರ ಸಮವಸ್ತ್ರ. ಅದರ ಜೇಬುಗಳಿಗೆ ಮೀನಿನ ವಾಸನೆ ಕಾಯಂ. ಕೋಟು ತೊಟ್ಟಾಗ ಅವರ ನಡಿಗೆಯೂ ಬದಲಾಗುತ್ತದೆ: ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ.

ನನ್ನ ಅಮ್ಮ ಫೋನಿನಲ್ಲಿ ರೇಗುತ್ತಿದ್ದಳು. "ಅಕ್ಕಾ, ನಿನಗೇನು ತಲೆ ಕೆಟ್ಟಿದ್ಯಾ? ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ!"

"ಆಡಿಸ್ತಾನೇ ಇದ್ದೀನಲ್ಲೇ," ಎನ್ನುತ್ತಿದ್ದರು ದೊಡ್ಡಮ್ಮ, ಮಡಿಲಿನ ಮರಿಗೆ ಬಾಟಲಿ ಹಿಡಿದುಕೊಂಡೇ.

ಅಮ್ಮನ ಸಿಟ್ಟು ದೂರದ್ದು; ಪಕ್ಕದ ಮನೆಯ ನಿವೃತ್ತ ಹೆಡ್ ಗುಮಾಸ್ತರದು ಗೋಡೆಯಾಚೆಯದು. ಒಂಟಿ ಮನುಷ್ಯ, ರೇಡಿಯೋವನ್ನು ಬೀದಿಗೆಲ್ಲ ಕೇಳಿಸುವವರು. ಒಂದು ವಾರವಂತೂ ದಿನವೂ ಅವರ ತಲೆ ಗೋಡೆಯ ಮೇಲೆ ಮೂಡುತ್ತಿತ್ತು.

"ಏನಮ್ಮಾ, ನಿಮ್ಮ ಮರಿಗಳ ಸಂಗೀತ ಕಛೇರಿ ಯಾವಾಗ ಮುಗಿಯತ್ತೆ?"

"ನಮ್ಮಲ್ಲಿ ಈಗ ಮರಿಗಳೇ ಇಲ್ಲ ಸಾರ್."

"ಹಾಗಾದ್ರೆ ಕೂಗ್ತಿರೋದು ನನ್ನ ಹೊಟ್ಟೇನಾ?"

ದೊಡ್ಡಮ್ಮ ಒಳಗೆ ಬಂದು ಬಾಗಿಲು ಹಾಕಿಕೊಂಡರು. ತಕರಾರು ಮಾಡುವವರ ಮಾತಿನಲ್ಲಿ ಸುದ್ದಿಯೂ ಇರಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಗೋಡೆಗುಂಟ ಓಡಾಡುವ ಒಂದು ಪಟ್ಟೆಬೆಕ್ಕು ಬಹುಕಾಲದಿಂದ ಕೈಗೆ ಸಿಕ್ಕಿರಲಿಲ್ಲ. ಒಂದು ಬೆಳಗಿನ ಜಾವ ಅದು ಬೋನಿಗೆ ಬಿತ್ತು. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಬೇಕು, ಕತ್ತಲಲ್ಲಿ ಪ್ರಾಣಿ ಶಾಂತವಾಗುತ್ತದೆ, ಇಣುಕಿ ಹೆದರಿಸಬಾರದು: ಇದು ದೊಡ್ಡಮ್ಮನ ನಿಯಮ. ಹಾಗೇ ಮಾಡಿದರು. ಡಾಕ್ಟರ ಕೋಣೆಯ ಮೇಜಿನ ಮೇಲೆ ಬೋನಿಟ್ಟ ಮೇಲೆಯೇ ಬಟ್ಟೆ ಸರಿದದ್ದು. ಸೂಜಿ ಹಿಡಿದಿದ್ದ ಡಾಕ್ಟರು ಬಗ್ಗಿ, ಬೆಕ್ಕಿನ ಹೊಟ್ಟೆ ನೋಡಿ, ಸೂಜಿ ಕೆಳಗಿಟ್ಟರು.

"ಅಮ್ಮಾ, ಇವಳು ಬಾಣಂತಿ. ಮೊಲೆ ತುಂಬ ಹಾಲಿದೆ. ಮರಿಗಳೆಲ್ಲಿ?"

ದೊಡ್ಡಮ್ಮ ಬಟ್ಟೆಯನ್ನು ಮತ್ತೆ ಬೋನಿನ ಮೇಲೆಳೆದರು.

"ಕಣ್ಣು ಬಿಡದ ಮರಿಗಳಾದ್ರೆ ಸಂಜೆವರೆಗೂ ತಡಿಯಲ್ಲ. ಬೇಗ ಹೋಗಿ."

ಆಟೋದಲ್ಲಿ ಅವರು ಬೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅರ್ಧ ದಾರಿಯಲ್ಲಿ ನನ್ನ ಕೈ ಹಿಡಿದರು. "ಹೆಡ್ ಗುಮಾಸ್ತರು ದಿನಾ ಹೇಳ್ತಾನೇ ಇದ್ರಲ್ಲೇ!"

ಬೋನು ಹಿಡಿದೇ ಅವರ ಬಾಗಿಲು ತಟ್ಟಿದರು. "ನೀವು ಹೇಳಿದ್ದೇ ನಿಜ ಸಾರ್. ಮರಿಗಳಿವೆ. ಆದ್ರೆ ನಮ್ಮನೇಲಲ್ಲ, ನಿಮ್ಮನೇಲಿ."

"ನನ್ನ ಮನೇಲಾ? ಇಲ್ಲಿ ಇಲಿಗೂ ಪ್ರವೇಶ ಇಲ್ಲಮ್ಮ!"

ಹಿತ್ತಿಲ ಜಗಲಿಯಲ್ಲಿ, ಎಂದಾದರೂ ರಿಪೇರಿ ಮಾಡಿಸುವೆನೆಂದು ಅವರು ಇಟ್ಟುಕೊಂಡಿದ್ದ ಕೆಟ್ಟ ವಾಷಿಂಗ್ ಮಷೀನಿತ್ತು. ಅದರ ಡ್ರಮ್ಮಿನೊಳಗೆ, ಅವರದೇ ಹಳೆಯ ಸ್ವೆಟರಿನ ಮೇಲೆ, ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಕೂಗುವ ಶಕ್ತಿಯೂ ಉಳಿದಿರಲಿಲ್ಲ. ಎಲ್ಲಕ್ಕಿಂತ ಕೆಳಗಿದ್ದ ಮರಿ ತಣ್ಣಗಾಗಿತ್ತು. ದೊಡ್ಡಮ್ಮ ಅದನ್ನು ಕೋಟಿನೊಳಗೆ ಎದೆಗೊತ್ತಿಕೊಂಡು, ಬೆರಳಿನಿಂದ ಬೆನ್ನು ತಿಕ್ಕುತ್ತ ನಿಂತರು. ಅದು ಮಿಸುಕಿದ ಮೇಲೆ ಉಳಿದವುಗಳ ನಡುವೆ ಮಲಗಿಸಿ, ಬೋನಿನ ಬಾಗಿಲೆತ್ತಿದರು. ತಾಯಿ ಒಂದೇ ನೆಗೆತಕ್ಕೆ ಗೋಡೆ ಹಾರಿ ಮಾಯವಾಯಿತು.

"ಓಡೇಹೋದ್ಲಲ್ಲಮ್ಮಾ! ಈಗೇನು ಗತಿ?"

"ಅದಾಗೇ ವಾಪಸ್ ಬರಬೇಕು. ನಾವ್ಯಾರೂ ಇಲ್ಲಿರಬಾರದು."

"ಇದು ನನ್ನ ಮನೆ!"

"ಅದಕ್ಕೇ ನೀವೇ ಕಾಯಿರಿ ಸಾರ್. ಒಳಗಿಂದ, ಸದ್ದು ಮಾಡದೆ. ಹೊತ್ತು ಇಳಿಯೋದ್ರೊಳಗೆ ಬರದಿದ್ರೆ ನಾನು ಬಾಟಲಿ ತರ್ತೀನಿ." ಬಾಟಲಿಯ ಹಾಲಿನಲ್ಲಿ ಅಷ್ಟು ಎಳೆಯ ಮರಿಗಳೆಲ್ಲ ಬದುಕುವುದಿಲ್ಲವೆಂದು ಅವರು ಹೇಳಲಿಲ್ಲ, ಅದು ನನಗೆ ಗೊತ್ತಿತ್ತು.

ಆ ಮಧ್ಯಾಹ್ನ ದೊಡ್ಡಮ್ಮ ಅಂಗಡಿಗೆ ಹೋಗಲಿಲ್ಲ. ಬಾಟಲಿಗಳನ್ನು ತೊಳೆದರು, ತೊಳೆದವನ್ನೇ ಮತ್ತೆ ತೊಳೆದರು. ಪಕ್ಕದ ಮನೆಯ ರೇಡಿಯೋ ತುಟಿ ಬಿಚ್ಚಲಿಲ್ಲ. ಗೋಡೆಯ ನೆರಳು ನಮ್ಮ ಮೆಟ್ಟಿಲಿಗೆ ಬಂದಾಗ ಹೆಡ್ ಗುಮಾಸ್ತರ ತಲೆ ಮೂಡಿತು. ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಂದ್ಲು. ಎಲ್ಲಾ ಕುಡೀತಿದ್ದಾವೆ, ಆ ಸಣ್ಣದೂ ಕೂಡ. ಅಯ್ಯೋ, ಮೆತ್ತಗೆ ಮಾತಾಡಿ, ಬಾಣಂತಿ ಮಲಗಿದ್ದಾಳೆ."

ದೊಡ್ಡಮ್ಮ ಮಾತೇ ಆಡಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು.

ಈಗ ಅವರ ನಿಯಮಕ್ಕೆ ಒಂದು ತಿದ್ದುಪಡಿ ಸೇರಿದೆ: ಬಟ್ಟೆ ಹೊದಿಸುವ ಮುನ್ನ ನೆಲಕ್ಕೆ ಕೆನ್ನೆಯಿಟ್ಟು ಬೆಕ್ಕಿನ ಹೊಟ್ಟೆ ನೋಡುತ್ತಾರೆ. ಯಾರಾದರೂ ಜಗಳಕ್ಕೆ ಬಂದರೆ ಕುರ್ಚಿ ಕೊಟ್ಟು, ಕೂಗು ಯಾವ ದಿಕ್ಕಿನಿಂದ ಕೇಳಿತು ಎಂದು ವಿಚಾರಿಸುತ್ತಾರೆ. ಇಂಥವರನ್ನು ನಾವು ಹುಟ್ಟಾ ಕರುಣಾಳುಗಳೆಂದು ಹೊಗಳಿ ನಮ್ಮ ಪಾಡಿಗೆ ಹೋಗುತ್ತೇವೆ. ಆದರೆ ಕರುಣೆಯೂ ಒಂದು ಕಸುಬು. ಅದರಲ್ಲಿ ಕೈ ತಪ್ಪುತ್ತದೆ, ತಪ್ಪಿದಾಗ ಒಂದು ಜೀವ ತಣ್ಣಗಾಗುತ್ತದೆ, ಅದನ್ನು ಕಂಡವರು ಮರುದಿನ ಮತ್ತೆ ಅದೇ ಕೆಲಸಕ್ಕೆ ಕೂರಬೇಕಾಗುತ್ತದೆ. ಹಾಗೆ ಕೂರುವವರ ಮನೆ ಎಷ್ಟೇ ಚಿಕ್ಕದಿರಲಿ, ಬೈಯಲು ಬಂದವರಿಂದಲೂ ಪಾಠ ಹೇಳಿಸಿಕೊಳ್ಳುವಷ್ಟು ಜಾಗ ಅಲ್ಲಿರುತ್ತದೆ.