ಯಾರೂ ಇಲ್ಲ ಎಂದು ಬರೆದೆ

ತಿಪಟೂರಿನ ಹಳೇ ಕೊಬ್ಬರಿ ಕಂಪನಿಯ ಮೂರಂತಸ್ತಿನ ಕಚೇರಿಯನ್ನು ಮನೆಗಳನ್ನಾಗಿ ಮಾಡುವ ಮೊದಲು ಸರ್ವೆ ಬರೆದವಳು ನಾನೇ. ಕಟ್ಟಡದಲ್ಲಿ ಆಗಲೇ ಯಾರಾದರೂ ವಾಸವಿದ್ದರೆ ಅವರಿಗೊಂದು ಮನೆ ಕೊಡಬೇಕೆಂಬ ನಿಯಮವಿತ್ತು. ಅದನ್ನು ಓದಿಯೇ ಹೋಗಿದ್ದೆ.

"ಇಲ್ಲಿ ಯಾರಾದ್ರೂ ವಾಸ ಇದಾರಾ ತಾತ?" ಎಂದು ಕಾವಲುಗಾರ ಕಾಟಯ್ಯನನ್ನು ಕೇಳಿದೆ.

"ಯಾರೂ ಇಲ್ಲ ಕಣವ್ವ, ನಾನೊಬ್ನೇ."

ನಮ್ಮ ಕಡೆ ಎಲ್ಲರೂ ಹೇಳುವುದೇ ಹೀಗೆ. ಮನೆಯಲ್ಲಿ ಯಾರಿದ್ದೀರಿ ಎಂದರೆ ನಮ್ಮವ್ವನೂ ಹೀಗೇ ಹೇಳಿ ಕಾಫಿಗೆ ನೀರಿಡುತ್ತಾಳೆ. ಅವತ್ತು ಬಿಸಿಲಿತ್ತು, ಇನ್ನೂ ನಾಲ್ಕು ಕಟ್ಟಡ ಬಾಕಿಯಿದ್ದವು. ನಾನು ಅವನ ಮಾತಿನ ಮೊದಲರ್ಧವನ್ನಷ್ಟೇ ಬರೆದುಕೊಂಡೆ. ಮೆಟ್ಟಿಲ ಕೆಳಗೆ ಅವನ ಕಂಬಳಿ, ಸ್ಟೌ, ಇಪ್ಪತ್ತು ವರ್ಷದ ಹೊಗೆ ಹಿಡಿದ ಗೋಡೆ ಕಣ್ಣೆದುರೇ ಇದ್ದವು. ಕಾಣಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆಮೇಲೆ ತಿದ್ದಲು ಹೋದಾಗ ಮನೆ ಸಿಗುವವರ ಪಟ್ಟಿ ಅವನ ಹೆಸರಿಲ್ಲದೆ ಮಂಜೂರಾಗಿಹೋಗಿತ್ತು.

ಈಗ ಅಲ್ಲಿ ಹನ್ನೆರಡು ಸಂಸಾರಗಳಿವೆ. ಬೀದಿಗೆ ಅಗಲವಾದ ಫುಟ್‌ಪಾತ್, ಹೊಂಗೆ ಗಿಡಗಳು, ಕಲ್ಲುಬೆಂಚು ಬಂದಿವೆ. ಊರೆಲ್ಲ ಹೊಗಳುತ್ತದೆ. ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ.

ನಿನ್ನೆ ಆ ಬೆಂಚಿನ ಮೇಲೆ ಕಾಟಯ್ಯ ಕಂಬಳಿಯ ಗಂಟು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ.

"ನಾನು ತಪ್ಪು ಬರ್ದೆ ತಾತ" ಎಂದೆ.

"ನಾನು ಹೇಳಿದ್ನೇ ಬರ್ದಿದ್ದೀಯ, ಬುಡವ್ವ" ಎಂದು ಅವನು ಗಂಟನ್ನು ಮಡಿಲಿಗೆ ಎಳೆದುಕೊಂಡು ಜಾಗ ಮಾಡಿದ. "ಕೂತ್ಕ ಬಾ. ಇಲ್ಲಿ ಯಾರೂ ಇಲ್ಲ, ನಾನೊಬ್ನೇ."